ಬಂಡೆ ತಟ್ಟಿ ಕೇಳು, ಮಗಳೇ

ಹೋದ ತಿಂಗಳು ಕಾಫಿ ಲೋಟ ಹಿಡಿದು ನಿನ್ನ ಕೋಣೆಗೆ ಬಂದಾಗ ಕಿಟಕಿಯ ಕಟ್ಟೆಯ ಮೇಲೆ ನೀನು ಜೋಡಿಸಿಟ್ಟಿದ್ದನ್ನು ನೋಡಿದೆ. ಒಂದು ಮೇಣದ ಬತ್ತಿ, ನೀರು ತುಂಬಿದ ಹಿತ್ತಾಳೆ ಬಟ್ಟಲು, ಮೂರು ಸುರುಳಿ ಕೆತ್ತಿದ ಮರದ ಬಿಲ್ಲೆ, ಪಕ್ಕದಲ್ಲಿ ಎಲ್ಲೋ ದಾರಿಯಲ್ಲಿ ಆರಿಸಿದ ಬಿಳಿ ಬೆಣಚುಕಲ್ಲು. ನನ್ನನ್ನು ಕಂಡು ನೀನು ಕೊಂಚ ಗಾಬರಿಯಾದೆ. "ತಾತ, ಇದು ಸೆಲ್ಟಿಕ್ ಪದ್ಧತಿ. ತಪ್ಪು ಅಂತೀಯಾ?" ಎಂದೆ. ಆವತ್ತು ನಿನಗೆ ಬೆಂಗಳೂರಿನ ರೈಲಿಗೆ ಹೊತ್ತಾಗುತ್ತಿತ್ತು. ನಾನೂ ಯೋಚಿಸದೆ ಉತ್ತರ ಕೊಡುವ ವಯಸ್ಸು ದಾಟಿದವನು. ಈಗ ಹೇಳುತ್ತೇನೆ, ಸಾವಧಾನವಾಗಿ ಕೇಳು.

ತಪ್ಪಲ್ಲ. ಬಂಗಾರಪೇಟೆಯಲ್ಲಿ ಹುಟ್ಟಿದ ಹುಡುಗಿ ಐರ್ಲೆಂಡಿನ ದೇವತೆಯ ಹೆಸರಲ್ಲಿ ದೀಪ ಹಚ್ಚಬಾರದು ಎಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಹೇಳಿದರೂ ನಾನು ಒಪ್ಪುವವನಲ್ಲ. ನನ್ನ ಚಿಂತೆ ಬೇರೆ. ನೀನು ಹುಡುಕುತ್ತಿರುವುದು ಸಮುದ್ರದಾಚೆ ಮಾತ್ರ ಇದೆ ಎಂದುಕೊಂಡಿದ್ದೀಯಲ್ಲ, ಅದು ನಿನ್ನ ಅಜ್ಜನ ಅಪ್ಪ ಕೆಲಸ ಮಾಡಿದ ಗಣಿಯೊಳಗೆ ನಿನಗಿಂತ ನೂರು ವರ್ಷ ಮೊದಲೇ ಇಳಿದಿತ್ತು. ಅದು ನಿನಗೆ ಗೊತ್ತಿರಲಿ ಎಂಬುದು ನನ್ನ ಆಸೆ.

ಕೋಲಾರದ ಚಿನ್ನದ ಗಣಿಗೆ ಹೊಸ ಕಾಲದಲ್ಲಿ ಮೊದಲ ಪರವಾನಗಿ ಪಡೆದವನು ಮೈಕೇಲ್ ಫಿಟ್ಜ್‌ಜೆರಾಲ್ಡ್ ಲವೆಲ್. ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಕಾದಾಡಿ ಬಂದು ಬೆಂಗಳೂರಿನ ದಂಡಿನಲ್ಲಿ ನೆಲೆಸಿದ ಐರಿಷ್ ಸಿಪಾಯಿ. 1871ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕೋಲಾರದ ಕಡೆ ಬಂದ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದೇ. ಅವನ ಹಣ ಸಾಕಾಗಲಿಲ್ಲ, ಗಣಿ ಬೇರೆಯವರ ಕೈ ಸೇರಿತು. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತ ಹಿಡಿದ ಮೇಲೆ ಹಡಗು ಹಡಗಾಗಿ ಬಂದವರು ಕಾರ್ನಿಷ್ ಗಣಿಗಾರರು, ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನವರು. 1866ರಲ್ಲಿ ತಾಮ್ರದ ಬೆಲೆ ಬಿದ್ದು, ಆಮೇಲೆ ತವರದ ಬೆಲೆಯೂ ಕುಸಿದು, ಕ್ಯಾಂಬೋರ್ನ್, ರೆಡ್ರೂತ್ ಊರುಗಳ ಒಲೆ ಆರಿತ್ತು. ಅವರು ಆಸ್ಟ್ರೇಲಿಯಾಕ್ಕೆ, ಮೆಕ್ಸಿಕೋಗೆ, ದಕ್ಷಿಣ ಆಫ್ರಿಕಾಕ್ಕೆ ಹೋದ ಹಾಗೆಯೇ ಕೋಲಾರದ ಗಣಿಗಳಿರುವ ಉರಿಗಾಮ್‌ಗೂ ಬಂದರು. ಗಣಿಯ ಮೇಲ್ವಿಚಾರಕನನ್ನು ಈ ಗಣಿ ಪ್ರದೇಶದಲ್ಲಿ, ಅಂದರೆ ಕೆ.ಜಿ.ಎಫ್.ನಲ್ಲಿ, 'ಕ್ಯಾಪ್ಟನ್' ಎನ್ನುತ್ತಿದ್ದದ್ದು ಮಿಲಿಟರಿಯಿಂದ ಬಂದ ಮಾತಲ್ಲ, ಕಾರ್ನ್‌ವಾಲ್‌ನ ತವರದ ಗಣಿಗಳಿಂದ ಬಂದದ್ದು. ಮೈಸೂರು ಗಣಿಯ ಚಾಂಪಿಯನ್ ಎಂಬ ಅದಿರಿನ ಪಟ್ಟೆಯನ್ನು ಬಗೆದು ಚಿನ್ನ ತೋರಿಸಿದ ಪ್ಲಮ್ಮರ್ ಅಂಥ ಕ್ಯಾಪ್ಟನ್.

ಐರಿಷ್, ಸ್ಕಾಟ್ ಗೇಲಿಕ್, ಮ್ಯಾಂಕ್ಸ್, ವೆಲ್ಷ್, ಕಾರ್ನಿಷ್, ಬ್ರೆಟನ್ – ಈ ಆರು ಭಾಷೆಗಳ ಬಳಗಕ್ಕೆ ಸೆಲ್ಟಿಕ್ ಎಂದು ಹೆಸರು. 1707ರಲ್ಲಿ ಎಡ್ವರ್ಡ್ ಲುಯಿಡ್ ಎಂಬ ವೆಲ್ಷ್ ವಿದ್ವಾಂಸ ಇವುಗಳ ಸಂಬಂಧವನ್ನು ಪುಸ್ತಕದಲ್ಲಿ ತೋರಿಸಿಕೊಟ್ಟ. ಕೆ.ಜಿ.ಎಫ್.ಗೆ ಬಂದ ಕಾರ್ನಿಷರ ಬಾಯಲ್ಲಿ ಆಗಲೇ ಅವರ ಭಾಷೆ ಇರಲಿಲ್ಲ. ಅದನ್ನು ಹುಟ್ಟುನುಡಿಯಾಗಿ ಆಡಿದ ಕೊನೆಯವರಲ್ಲಿ ಒಬ್ಬಳೆಂದು ಹೆಸರಾದ ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಹೆಂಗಸು 1777ರಲ್ಲೇ ತೀರಿಕೊಂಡಿದ್ದಳು. ಬಂದವರು ಮೆಥಡಿಸ್ಟ್ ಕ್ರೈಸ್ತರು, ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುವವರು. ಆದರೂ ಭಾಷೆ ಹೋದ ಮೇಲೂ ಉಳಿದ ಒಂದಷ್ಟು ನಂಬಿಕೆ ಅವರ ಊಟದ ಡಬ್ಬಿಯ ಜೊತೆ ಪಾತಾಳಕ್ಕೆ ಇಳಿಯುತ್ತಿತ್ತು. ಅದರಲ್ಲಿ ಮುಖ್ಯವಾದದ್ದು 'ನಾಕರ್'ಗಳ ಕಥೆ.

ನಾಕರ್ ಎಂದರೆ ತಟ್ಟುವವನು. ಗೇಣುದ್ದದ ಜೀವ, ಗಣಿಯ ಕತ್ತಲಲ್ಲಿ ವಾಸ. ಬಂಡೆಯೊಳಗಿಂದ ಟಕ್ ಟಕ್ ಎಂದು ಸದ್ದು ಬಂದರೆ ಅವನೇ. ಅದಿರು ಇರುವ ಕಡೆ ತಟ್ಟುತ್ತಾನೆ, ಕುಸಿಯುವ ಮುಂಚೆಯೂ ತಟ್ಟುತ್ತಾನೆ. ಅವನಿಗಾಗಿ ಊಟದ ಪ್ಯಾಸ್ಟಿಯ, ಅಂದರೆ ಮಾಂಸ ಆಲೂಗೆಡ್ಡೆ ತುಂಬಿದ ಕಡುಬಿನಂಥ ತಿಂಡಿಯ, ಅಂಚು ಮುರಿದು ಇಡಬೇಕು. ಗಣಿಯೊಳಗೆ ಶಿಳ್ಳೆ ಹಾಕಬಾರದು, ಅವನಿಗೆ ಕೋಪ ಬರುತ್ತದೆ.

ಈಗ ನಿನ್ನ ಮುತ್ತಾತನ ವಿಷಯಕ್ಕೆ ಬರುತ್ತೇನೆ. ನಮ್ಮಪ್ಪ ಚಾಂಪಿಯನ್ ರೀಫ್‌ನಲ್ಲಿ ಟಿಂಬರ್‌ಮನ್. ಸ್ಟೋಪ್‌ಗಳಲ್ಲಿ, ಅಂದರೆ ಅದಿರು ಬಗೆದ ಪೊಳ್ಳುಗಳಲ್ಲಿ, ಮರದ ತೊಲೆ ಕೊಟ್ಟು ಮಾಡು ಹಿಡಿದು ನಿಲ್ಲಿಸುವ ಕೆಲಸ. ಬ್ಲಾಸ್ಟಿಂಗ್ ಆದ ಮೇಲೆ ಹೊಗೆ ಕರಗಿದ ಜಾಗಕ್ಕೆ ಮೊದಲು ಕಾಲಿಡುವವರಲ್ಲಿ ಅವರೂ ಒಬ್ಬರು. ಕೈಯಲ್ಲಿ ಉದ್ದನೆಯ ಕಬ್ಬಿಣದ ಬಾರ್. ಮೇಲಿನ ಬಂಡೆಯನ್ನು ಬಾರ್‌ನಿಂದ ಮೆಲ್ಲಗೆ ತಟ್ಟುವುದು, ತಲೆ ವಾರೆ ಮಾಡಿ ಕೇಳುವುದು. ಟಣ್ ಎಂದರೆ ಬಂಡೆ ಗಟ್ಟಿ. ಡಬ್ ಎಂದರೆ ಒಳಗೆ ಸಡಿಲ, ಬೇರ್ಪಟ್ಟಿದೆ, ಇಳಿಸಿಬಿಡಬೇಕು. ಮನೆಯಲ್ಲೂ ಅದೇ ಅಭ್ಯಾಸ. ಹೊಸ ಮಡಕೆ ತಂದರೆ ಬೆರಳಗಂಟಿನಿಂದ ತಟ್ಟಿ ತಲೆ ವಾರೆ ಮಾಡುವರು. ಹಲಸಿನ ಹಣ್ಣಿಗೂ ಅಷ್ಟೇ. ಒಮ್ಮೆ ನನ್ನ ಎದೆಗೆ ಕಫ ಕಟ್ಟಿದ್ದಾಗ ಬೆನ್ನ ಮೇಲೂ ಹಾಗೆಯೇ ತಟ್ಟಿ ಕಿವಿಯಿಟ್ಟು ಕೇಳಿದ್ದು ನನಗೆ ಇನ್ನೂ ನೆನಪಿದೆ. ಆ ಕೈಯಲ್ಲಿ ಎಣ್ಣೆಯ, ಕಬ್ಬಿಣದ ವಾಸನೆ.

ಅಪ್ಪ ಮನೆಯೊಳಗೆ ಶಿಳ್ಳೆ ಹಾಕಲು ಬಿಡುತ್ತಿರಲಿಲ್ಲ. ಕಾರ್ನಿಷರ ಕಥೆ ಮೊದಲ ಸಲ ಓದಿದಾಗ, ಆಹಾ, ಇದು ಅಲ್ಲಿಂದಲೇ ಬಂದದ್ದು ಎಂದು ನಾನು ಕುಣಿದಾಡಿದ್ದೆ. ಆಮೇಲೆ ಯೋಚಿಸಿದೆ. ರಾತ್ರಿ ಶಿಳ್ಳೆ ಹಾಕಿದರೆ ಹಾವು ಬರುತ್ತದೆ ಎಂದು ಬೂದಿಕೋಟೆಯಲ್ಲಿದ್ದ ನಮ್ಮಜ್ಜಿಯೂ ಹೇಳುತ್ತಿದ್ದಳು. ಅವಳು ಗಣಿಯ ಮುಖ ಕಂಡವಳಲ್ಲ. ಅಪ್ಪನ ನಿಷೇಧ ಕ್ಯಾಪ್ಟನ್‌ನಿಂದ ಬಂತೋ, ಅಜ್ಜಿಯಿಂದ ಬಂತೋ? ಅಪ್ಪ ಬದುಕಿದ್ದಾಗ ನಾನು ಕೇಳಲಿಲ್ಲ. ಈ ಕಾಗದದ ಕೊನೆಯಲ್ಲಿ ನಿನ್ನಲ್ಲಿ ಒಂದು ಬೇಡಿಕೆ ಇಡುತ್ತೇನೆ. ಅದರ ಬೇರು ಇಲ್ಲೇ ಇದೆ.

ನಾಕರ್ ಸುಳ್ಳೋ ನಿಜವೋ ಎಂದು ಕೇಳಬೇಡ. ಆಳದಲ್ಲಿ ಬಂಡೆ ನಿಜವಾಗಿಯೂ ಸದ್ದು ಮಾಡುತ್ತದೆ. ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ ಹೋದ ಗಣಿ. ಅಷ್ಟು ಭಾರದ ಕೆಳಗೆ ತೂತು ಕೊರೆದರೆ ಸುತ್ತಲಿನ ಕಲ್ಲು ಒತ್ತಡ ತಾಳಲಾರದೆ ಚಟಪಟ ಎನ್ನುತ್ತದೆ, ಒಂದೊಂದು ಸಲ ಸಿಡಿಯುತ್ತದೆ. ರಾಕ್‌ಬರ್ಸ್ಟ್ ಆದಾಗ ಮೇಲೆ ಕಾರ್ಮಿಕರ ಲೈನ್ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತಿತ್ತು. ಹೆಂಗಸರು ಒಲೆ ಬಿಟ್ಟು ಶಾಫ್ಟ್ ಕಡೆ ಓಡುತ್ತಿದ್ದರು. ಆ ಸದ್ದುಗಳನ್ನು ಹಿಡಿಯಲೆಂದೇ ವಿಜ್ಞಾನಿಗಳು ಬಂಡೆಯಲ್ಲಿ ಜಿಯೋಫೋನ್ ನೆಟ್ಟು ಹಗಲಿರುಳು ಆಲಿಸಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಕೆ.ಜಿ.ಎಫ್.ನಲ್ಲೇ. ಅದೇ ಗಣಿಯ ಆಳದಲ್ಲಿ 1965ರಲ್ಲಿ ನ್ಯೂಟ್ರಿನೋ ಕಣಗಳ ಸುಳಿವೂ ಸಿಕ್ಕಿತು. ಪ್ಯಾಸ್ಟಿಯ ಅಂಚು ಇಟ್ಟವನೂ, ಬಾರ್ ತಟ್ಟಿದವನೂ, ಜಿಯೋಫೋನ್ ನೆಟ್ಟವನೂ ಮಾಡಿದ್ದು ಒಂದೇ ಕೆಲಸ: ಬಾಯಿ ಮುಚ್ಚಿಕೊಂಡು ನೆಲಕ್ಕೆ ಕಿವಿಗೊಡುವುದು. ನಿನ್ನ ಸಾಧನೆಯಲ್ಲಿ ನನಗೆ ಗೌರವ ಹುಟ್ಟುವುದೂ ಅಲ್ಲಿಯೇ.

ಅಪ್ಪನ ಬಾರ್ ಈಗ ನಿನ್ನ ಕೈಗೆ ಕೊಡುತ್ತೇನೆ. ನೀನು ಓದುವುದನ್ನೆಲ್ಲ ತಟ್ಟಿ ನೋಡು.

ನಿನ್ನ ಮರದ ಬಿಲ್ಲೆಯ ಮೂರು ಸುರುಳಿಯಿಂದಲೇ ಶುರು ಮಾಡು. ಅದರ ಅತಿ ಹೆಸರಾದ ಮೂಲ ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿಯ ಕಲ್ಲು, ಸುಮಾರು 5200 ವರ್ಷ ಹಳೆಯದು. ಅದನ್ನು ಕೆತ್ತಿದವರು ಸೆಲ್ಟಿಕ್ ಭಾಷೆ ಆಡುತ್ತಿರಲಿಲ್ಲ. ಆ ಭಾಷೆ ಅಲ್ಲಿಗೆ ಬಂದದ್ದು ಎಷ್ಟೋ ತಲೆಮಾರುಗಳ ಮೇಲೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುವೃತ್ತ ಕಟ್ಟಿದವರೂ ಸೆಲ್ಟರ ಪುರೋಹಿತರಾದ ದ್ರುಯಿಡ್‌ಗಳಲ್ಲ. ಆ ದ್ರುಯಿಡ್‌ಗಳ ಬಗ್ಗೆ ಬರಹದಲ್ಲಿ ಉಳಿದಿರುವ ಹೆಚ್ಚಿನದು ಅವರ ಶತ್ರುಗಳು ಬರೆದಿಟ್ಟದ್ದು. ರೋಮಿನ ಜೂಲಿಯಸ್ ಸೀಸರ್ ಅವರ ಜನರನ್ನು ಸೋಲಿಸಲು ಹೋದವನು. ಅವರು ವಿದ್ಯೆಯನ್ನು ಬರೆದಿಡದೆ ಬಾಯಲ್ಲೇ ಕಲಿಸುತ್ತಿದ್ದರು, ಕೆಲವರು 20 ವರ್ಷ ಕಲಿಯುತ್ತಿದ್ದರು ಎಂದು ಅವನೇ ಹೇಳುತ್ತಾನೆ. ಆ ಬಾಯಿಗಳೆಲ್ಲ ಮುಚ್ಚಿಹೋದವು.

ನಮ್ಮ ಕಲ್ಲುಗಳಿಗೂ ಇದೇ ಗೊಂದಲ ಅಂಟಿತ್ತು ಗೊತ್ತಾ? ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಅಲ್ಲಿನ ರಾಜನಕೋಳೂರು, ಜೇವರ್ಗಿ ಕಡೆಯ ಕಲ್ಗೋರಿಗಳನ್ನು ಅಗೆದು, ಅಳೆದು, ಚಿತ್ರ ಬರೆದ. 1860ರ ದಶಕದಲ್ಲಿ ರಾಯಲ್ ಐರಿಷ್ ಅಕಾಡೆಮಿಗೆ ಬರೆದ ಪ್ರಬಂಧದ ಹೆಸರಿನಲ್ಲೇ ಅವನ್ನು ಸೆಲ್ಟಿಕ್, ದ್ರುಯಿಡ್, ಇಲ್ಲವೇ ಸಿಥಿಯನ್ ಸ್ಮಾರಕಗಳು ಎಂದ. ಅವನ ಅಳತೆ ಟಣ್ ಎನ್ನುತ್ತದೆ, ಅವನ ಹೆಸರು ಡಬ್ ಎನ್ನುತ್ತದೆ. ಆ ಕಲ್ಮನೆಗಳನ್ನು ಕಟ್ಟಿದವರು ಇಲ್ಲಿಯವರು, ಕಬ್ಬಿಣ ಕರಗಿಸಲು ಬಲ್ಲವರು. ನಮ್ಮ ಜನ ಪಾಂಡವರ ಗುಡಿ ಎಂದರು, ಹಿರೇಬೆಣಕಲ್ ಕಡೆ ಮೋರೇರ ಮನೆ ಎಂದರು. ನಮ್ಮ ಕೆಲವು ಕಲ್ಮನೆಗಳ ಒಂದು ಚಪ್ಪಡಿಯಲ್ಲಿ ಗುಂಡಗಿನ ಕಿಂಡಿ ಇರುತ್ತದೆ. ಕಾರ್ನ್‌ವಾಲ್‌ನ ಮೆನ್-ಅನ್-ಟೋಲ್ ಎಂಬ ಕಲ್ಲಿಗೂ ಅಂಥದೇ ದುಂಡು ಕಿಂಡಿ. ರೋಗ ಹೋಗಲೆಂದು ಅಲ್ಲಿ ಮಕ್ಕಳನ್ನು ಅದರೊಳಗೆ ನುಸುಳಿಸುತ್ತಿದ್ದರು. ನೋಡಿದರೆ ಮೈ ಜುಮ್ ಎನ್ನುತ್ತದೆ, ಎನ್ನಲಿ. ಹೋಲಿಕೆ ಕಂಡ ಕೂಡಲೇ ನೆಂಟಸ್ತನ ಹೂಡಬೇಡ. 'ದ್ರುಯಿಡ್' ಎಂಬ ಮಾತಿನ ಕೊನೆಯಲ್ಲಿರುವುದು ನಮ್ಮ 'ವಿದ್ಯೆ'ಯಲ್ಲಿರುವ ವಿದ್ ಧಾತುವೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅದು ಸಂಸ್ಕೃತಕ್ಕೂ ಸೆಲ್ಟಿಕ್‌ಗೂ ಇರುವ ನಂಟು. ದ್ರುಯಿಡ್ ಎಂದರೆ ದ್ರಾವಿಡ ಎಂದು ಯಾರಾದರೂ ಹೇಳಿದರೆ ಅದು ಬರೀ ಸದ್ದಿನ ಹೋಲಿಕೆ, ಇಳಿಸಿಬಿಡು.

ಇನ್ನು ನೀನು ಗೋಡೆಗೆ ಅಂಟಿಸಿರುವ ಎಂಟು ಹಬ್ಬಗಳ ವರ್ಷಚಕ್ರ. ಸೌವಿನ್, ಇಂಬೋಲ್ಕ್, ಬೆಲ್ಟೇನ್, ಲೂನಾಸಾ – ಈ ನಾಲ್ಕು ಹಳೆಯ ಐರಿಷ್ ಹಬ್ಬಗಳು, ನಿಜ. ಅವನ್ನು ಸೂರ್ಯನ ನಾಲ್ಕು ತಿರುವುಗಳ ಜೊತೆ ಹೆಣೆದು ಎಂಟರ ಚಕ್ರ ಮಾಡಿದ್ದು 1950ರ ದಶಕದಲ್ಲಿ. ವಿಕ್ಕಾ ಎಂಬ ಹೊಸ ಮಾಟ ಪಂಥ ಕಟ್ಟಿದ ಜೆರಾಲ್ಡ್ ಗಾರ್ಡ್ನರ್, ದ್ರುಯಿಡ್ ಸಂಘದ ರಾಸ್ ನಿಕೋಲ್ಸ್, ಅವರ ಸುತ್ತಲಿನವರು ಮಾಡಿದ ಕೆಲಸ ಅದು. ಬ್ರಿಟನ್ನಿನಲ್ಲಿ ಮಾಟದ ಹಳೆಯ ಕಾನೂನು ರದ್ದಾದದ್ದು 1951ರಲ್ಲಿ, ಗಾರ್ಡ್ನರ್ ವಿಕ್ಕಾ ಕುರಿತು ಪುಸ್ತಕ ತಂದದ್ದು 1954ರಲ್ಲಿ. ಆ ಚಕ್ರ ನನಗಿಂತ ಹಿರಿಯದು, ಆದರೆ ಬಹಳ ಹಿರಿಯದಲ್ಲ. ಈ ಇತಿಹಾಸವನ್ನು ಜರಡಿ ಹಿಡಿದು ಬರೆದ ರೊನಾಲ್ಡ್ ಹಟನ್ ಹುಟ್ಟಿದ್ದು ನಮ್ಮ ಪಕ್ಕದ ಊಟಿಯಲ್ಲಿ. ಅವರ ಪುಸ್ತಕ ಓದು. ಪೇಗನ್ನರ, ಅಂದರೆ ಹಳೆಯ ದೇವತೆಗಳನ್ನು ಮತ್ತೆ ಪೂಜಿಸುವವರ, ಮೇಲೆ ಪ್ರೀತಿ ಇಟ್ಟುಕೊಂಡೇ ಸತ್ಯ ಹೇಳಿದ ಮನುಷ್ಯ.

ಹೊಸದೆಂದು ಗೊತ್ತಾದ ಕೂಡಲೇ ಬಿಸಾಡಬೇಕೆಂದು ನಾನು ಹೇಳುತ್ತಿಲ್ಲ. ಇಲ್ಲಿಯೇ ನಿನಗೆ ನಮ್ಮೂರಿನ ದೊಡ್ಡ ಕಥೆಯೊಂದು ಗೊತ್ತಿರಬೇಕು. ಗಣಿಗೆ ಬಂದ ತಮಿಳು ದಲಿತ ಕಾರ್ಮಿಕರು ಉತ್ತರ ಆರ್ಕಾಟಿನ ಬರದಿಂದ, ಜಾತಿಯ ತುಳಿತದಿಂದ ತಪ್ಪಿಸಿಕೊಂಡು ಬಂದವರು. ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರು 1898ರಲ್ಲಿ ಸಿಂಹಳಕ್ಕೆ ಹೋಗಿ ಬೌದ್ಧ ದೀಕ್ಷೆ ಪಡೆದು ಶಾಕ್ಯ ಬೌದ್ಧ ಸಂಘ ಕಟ್ಟಿದರಲ್ಲ, ಅದರ ಅತಿ ಗಟ್ಟಿಯಾದ ಶಾಖೆಗಳು 20ನೇ ಶತಮಾನದ ಮೊದಲ ದಶಕಗಳಲ್ಲಿ ಕೆ.ಜಿ.ಎಫ್.ನ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೇರೂರಿದವು. ಗಣಿ ಕಾರ್ಮಿಕರ ಲೈನ್‌ಗಳಲ್ಲಿ ಬುದ್ಧ ವಿಹಾರ, ಶಾಲೆ, ಮುದ್ರಣ. ಅಪ್ಪಾದುರೈ ಅವರಂಥ ವಿದ್ವಾಂಸರು ಅಲ್ಲಿ ಪತ್ರಿಕೆ ನಡೆಸಿದರು. ಅಂಬೇಡ್ಕರರು ನಾಗಪುರದಲ್ಲಿ ದೀಕ್ಷೆ ಪಡೆಯುವುದಕ್ಕೆ ಅರ್ಧ ಶತಮಾನದಷ್ಟು ಮೊದಲು! ಮರೆತುಹೋದ ಧರ್ಮವೊಂದನ್ನು ಅವರು ಮತ್ತೆ ಕಟ್ಟಿಕೊಂಡದ್ದು ಅಲಂಕಾರಕ್ಕಲ್ಲ, ತಲೆಯೆತ್ತಿ ನಡೆಯುವುದಕ್ಕೆ. ದಿನಕ್ಕೆ ಎಂಟು ಗಂಟೆ ಸುಡುವ ಬಂಡೆಯ ನಡುವೆ ದುಡಿದು ಬಂದವರು ರಾತ್ರಿ ಕೂತು ಧಮ್ಮ ಓದಿದರು. ಹಳೆಯದನ್ನು ಹೊಸದಾಗಿ ಕಟ್ಟುವುದು ಹೇಗೆಂದು ನನ್ನನ್ನು ಯಾರಾದರೂ ಕೇಳಿದರೆ ನಾನು ತೋರಿಸುವುದು ಇಂಗ್ಲೆಂಡಿನ ಪೇಗನ್ನರು ಸೇರುವ ಗ್ಲಾಸ್ಟನ್‌ಬರಿಯನ್ನಲ್ಲ, ಚಾಂಪಿಯನ್ ರೀಫನ್ನು.

ನಿನ್ನ ಹಬ್ಬಗಳ ವಿಷಯಕ್ಕೆ ಇನ್ನೊಂದು ಮಾತು. ಫೆಬ್ರವರಿ ಒಂದಕ್ಕೆ ಇಂಬೋಲ್ಕ್ ಎಂದು ನೀನು ಹಾಲು ಇಟ್ಟು ದೀಪ ಹಚ್ಚಿದೆ. ಐರ್ಲೆಂಡಿನಲ್ಲಿ ಆಗ ಕುರಿಗಳು ಈಯುವ ಕಾಲ, ಚಳಿ ಸಡಿಲವಾಗುವ ಕಾಲ, ಸಂತ ಬ್ರಿಜಿಡ್‌ಳ ದಿನವೂ ಅದೇ. ಇಲ್ಲಿ ಆ ಹೊತ್ತಿಗೆ ರಾಗಿ ಒಕ್ಕಿ ಕಣ ಖಾಲಿಯಾಗಿ, ಬಿಸಿಲು ಏರಲು ಶುರುವಾಗಿರುತ್ತದೆ. ಆಸ್ಟ್ರೇಲಿಯಾದ ಪೇಗನ್ನರು ತಮ್ಮ ಋತುಗಳು ತಿರುಗುಮುರುಗು ಎಂದು ಇಡೀ ಚಕ್ರವನ್ನೇ ತಿರುಗಿಸಿಕೊಂಡಿದ್ದಾರೆ. ನೀನೂ ನಿನ್ನ ಮಳೆ, ನಿನ್ನ ಬೆಳೆ ನೋಡಿ ಚಕ್ರ ಕೂಡಿಸಿಕೊಳ್ಳಬೇಕು. ಬೆಲ್ಟೇನ್ ದಿನ ಐರಿಷರು ಎರಡು ಬೆಂಕಿಗಳ ನಡುವೆ ದನ ಹಾಯಿಸುತ್ತಿದ್ದರು ಎಂದು ಓದಿ ನನಗೆ ಹೇಳಿದೆಯಲ್ಲ, ಆಗ ನಾನು ನಕ್ಕಿದ್ದು ಖುಷಿಗೆ. ಸಂಕ್ರಾಂತಿಯ ಸಂಜೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಕಿಚ್ಚು ಹಾಯಿಸುತ್ತಾರೆ. ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿದ ಹೋರಿ ಹುಲ್ಲಿನ ಬೆಂಕಿಯ ಮುಂದೆ ಒಂದು ಗಳಿಗೆ ಮೂಗರಳಿಸಿ ನಿಂತು, ಹಿಂಗಾಲು ಕುಗ್ಗಿಸಿ, ಒಮ್ಮೆಲೇ ಹಾರುತ್ತದೆ. ಕೂದಲು ಸುಟ್ಟ ಸಣ್ಣ ವಾಸನೆ, ಗೆಜ್ಜೆಯ ಸದ್ದು, ಹಿಂದೆ ಓಡುವ ಹುಡುಗರ ಕೂಗು. ಐರ್ಲೆಂಡಿನಲ್ಲಿ ಇದನ್ನು ಕಾಣಲು ಈಗ ಹಳೆಯ ಪುಸ್ತಕ ತೆರೆಯಬೇಕು. ನಿನಗೆ ಒಂದು ಸಂಜೆ ರಜೆ ಹಾಕಿದರೆ ಸಾಕು. ಯುಗಾದಿಗೆ ಹೊನ್ನಾರು ಕಟ್ಟಿ ಭೂಮಿಗೆ ಮೊದಲ ಗೆರೆ ಎಳೆಯುವುದನ್ನೂ ಹೋಗಿ ನೋಡು.

ಸತ್ತವರನ್ನು ನೆನೆಯುವ ಸೌವಿನ್ ಅಂತೂ ಕೆ.ಜಿ.ಎಫ್.ನಲ್ಲಿ ಬೇರೆ ಹೆಸರಲ್ಲಿ ಆಗಲೇ ಇದೆ. ನವೆಂಬರ್ ಎರಡರ ಸಂಜೆ ಅಲ್ಲಿನ ಕ್ರೈಸ್ತ ಸ್ಮಶಾನಗಳಿಗೆ ಹೋಗು. ತಮಿಳರು ಕಲ್ಲರೈ ತಿರುನಾಳ್ ಎನ್ನುತ್ತಾರೆ. ಹಗಲೆಲ್ಲ ಕಳೆ ಕಿತ್ತು, ಸುಣ್ಣ ಬಳಿದ ಗೋರಿಗಳ ಮೇಲೆ ಸೇವಂತಿಗೆ ಹರಡಿ, ಮೇಣದ ಬತ್ತಿ ಸಾಲಿಟ್ಟು, ಮನೆಮಂದಿಯೆಲ್ಲ ಕೂತಿರುತ್ತಾರೆ. ಗಣಿಯಲ್ಲಿ ಸತ್ತವರ ಮಕ್ಕಳು, ಮೊಮ್ಮಕ್ಕಳು. ದೂರದ ಕಾರ್ನ್‌ವಾಲ್‌ನಿಂದ ಬಂದು ಇಲ್ಲೇ ಮಣ್ಣಾದವರ ಗೋರಿಗಳೂ ಈ ಊರಿನಲ್ಲಿವೆ. ಅವುಗಳ ಮೇಲೆ ಹೂವಿಡುವವರು ಯಾರೂ ಇಲ್ಲ. ನಿನಗೆ ಸೆಲ್ಟರ ಪಿತೃಗಳಿಗೆ ದೀಪ ಇಡಬೇಕೆನಿಸಿದರೆ, ಮಗಳೇ, ಅಲ್ಲಿ ಒಂದು ಬತ್ತಿ ಹಚ್ಚು. ಪಕ್ಕದಲ್ಲಿರುವ ನಮ್ಮವರ ಗೋರಿಗೆ ಇನ್ನೊಂದು. ಬದುಕಿದ್ದಾಗ ಒಬ್ಬರಿಗೆ ಬಂಗಲೆ, ಇನ್ನೊಬ್ಬರಿಗೆ ಬಿದಿರು ತಟ್ಟಿಯ ಗುಡಿಸಲು ಇತ್ತೆಂಬುದನ್ನೂ ಮರೆಯದೆ ಹಚ್ಚು.

ನೀರಿನ ವಿಷಯ. ಕಾರ್ನ್‌ವಾಲ್‌ನ ಮ್ಯಾಡ್ರನ್ ಊರಿನ ಪವಿತ್ರ ಬಾವಿಯ ಬಳಿ ಮರಕ್ಕೆ ಬಟ್ಟೆ ಚೂರು ಕಟ್ಟಿ ಹರಕೆ ಹೊರುತ್ತಾರೆ. ಬಟ್ಟೆ ಕೊಳೆತಂತೆ ರೋಗ ಕರಗುತ್ತದೆ ಎಂಬ ನಂಬಿಕೆ. ಈಗ ಜನ ಕೊಳೆಯದ ನೈಲಾನ್ ಕಟ್ಟಿ ಕೊಂಬೆಗಳ ಕತ್ತು ಹಿಸುಕುತ್ತಿದ್ದಾರೆ ಎಂಬ ದೂರು ಅಲ್ಲೂ ಇದೆ. ನಿನ್ನ ಹಿತ್ತಾಳೆ ಬಟ್ಟಲಿನ ನೀರು ಎಲ್ಲಿಯದು? ಕೋಲಾರದ ಶತಶೃಂಗ ಬೆಟ್ಟದಲ್ಲಿ ಅಂತರಗಂಗೆಯ ಕಲ್ಲಿನ ಬಸವನ ಬಾಯಿಂದ ನೀರು ಬೀಳುವುದನ್ನು ನೀನು ಚಿಕ್ಕಂದಿನಲ್ಲಿ ಬೊಗಸೆಯಲ್ಲಿ ಹಿಡಿದಿದ್ದೆ. ಕೆ.ಜಿ.ಎಫ್.ಗೆ ನೀರು ಕೊಟ್ಟದ್ದು ಬೇತಮಂಗಲದ ಕೆರೆ, ಅದನ್ನು ತುಂಬಿಸುತ್ತಿದ್ದದ್ದು ಪಾಲಾರ್. ಆ ಹೊಳೆಯ ಪಾತ್ರದಲ್ಲಿ ಈಗ ವರ್ಷದ ಬಹುಕಾಲ ಹರಿವೇ ಇಲ್ಲ. ಗಣಿ ಬಿಟ್ಟುಹೋದ ಸೈನೈಡ್ ಗುಡ್ಡಗಳ ಪುಡಿ ಗಾಳಿಗೆ ಎದ್ದು ಮಾರಿಕುಪ್ಪಂನ ಮಕ್ಕಳ ಕಣ್ಣು ಮೂಗಿಗೆ ನುಗ್ಗುತ್ತದೆ. ನೆಲ ತಾಯಿ, ನೀರು ದೇವತೆ ಎಂದು ನಿನ್ನ ಪೇಗನ್ ಪುಸ್ತಕಗಳು ಹೇಳುವುದು ನಿಜವೇ ಆಗಿದ್ದರೆ, ಆ ತಾಯಿ ಇಲ್ಲಿ ಹಾಸಿಗೆ ಹಿಡಿದು ಮಲಗಿದ್ದಾಳೆ. ಅವಳ ಆರೈಕೆಯಿಲ್ಲದ ಪೂಜೆಯನ್ನು ನಾನು ಪೂಜೆ ಎನ್ನಲಾರೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಿನ್ನ ಗೆಳತಿಯರು ತಮ್ಮನ್ನು 'ವಿಚ್', ಅಂದರೆ ಮಾಟಗಾತಿ, ಎಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ಆ ಮಾತಿನಲ್ಲಿ ರಕ್ತ ಇದೆ. ಸ್ಕಾಟ್ಲೆಂಡಿನಲ್ಲಿ 1563ರ ಕಾನೂನಿನ ಅಡಿ ಮಾಟಗಾತಿಯರೆಂದು ಕೊಂದದ್ದು ಬಹುಪಾಲು ಬಡ ಹೆಂಗಸರನ್ನು. ನಮ್ಮ ನಾಡಿನಲ್ಲೂ ಬಾನಾಮತಿ, ಮಾಟ ಎಂಬ ಆರೋಪ ಬೀಳುವುದು ಒಂಟಿ ವಿಧವೆಯ ಮೇಲೆ, ಬಡವಳ ಮೇಲೆ. ಕರ್ನಾಟಕ 2017ರಲ್ಲಿ ಅಮಾನವೀಯ ಪದ್ಧತಿಗಳ ವಿರುದ್ಧ ಕಾನೂನು ತಂದದ್ದು ಸುಮ್ಮನೆ ಅಲ್ಲ. ಆ ಹೆಸರನ್ನು ನೀನು ಹೊರುವುದಾದರೆ ಆ ಹೆಂಗಸರ ಪರವಾಗಿ ನಿಲ್ಲುವ ಹೊಣೆಯನ್ನೂ ಹೊರು. ಹಳೆಯ ಕಥೆಗಳೆಲ್ಲವೂ ಮುಗ್ಧವಲ್ಲ. ನಾಕರ್‌ಗಳು ಗಣಿಯಲ್ಲಿ ದುಡಿದ ಯಹೂದಿಗಳ ಶಾಪಗ್ರಸ್ತ ಪ್ರೇತಗಳು ಎಂಬ ದ್ವೇಷದ ಪಾಠಾಂತರವೂ ಕಾರ್ನ್‌ವಾಲ್‌ನಲ್ಲಿತ್ತು. ಹಳೆಯದಾದ ಮಾತ್ರಕ್ಕೆ ಅದನ್ನು ಕಣ್ಣಿಗೊತ್ತಿಕೊಳ್ಳಬೇಡ. ದುಡ್ಡು ಕಟ್ಟಿಸಿಕೊಂಡು ರಹಸ್ಯ ದೀಕ್ಷೆ ಕೊಡುತ್ತೇನೆ ಎನ್ನುವವರು, ಅವರು ಯಾವ ದೇವರ ಹೆಸರು ಹೇಳಿದರೂ, ನಮ್ಮ ಬಾಗಿಲಿಂದಾಚೆಗೇ ಇರಲಿ.

ಸೆಲ್ಟಿಕ್ ನಾಡಿನ ನಿಜವಾದ ಸಾಧಕರು ಏನು ಮಾಡಿದರು ಎಂದು ನೋಡು. ಕಾರ್ನ್‌ವಾಲ್‌ನ ನಾಕರ್ ಕಥೆಗಳು ಉಳಿದದ್ದು ರಾಬರ್ಟ್ ಹಂಟ್ ಎಂಬವನು 1865ರಲ್ಲಿ ಪುಸ್ತಕ ಮಾಡಿದ್ದರಿಂದ. ಅವನು ಸರ್ಕಾರದ ಗಣಿ ದಾಖಲೆಗಳ ಅಧಿಕಾರಿ! ಹಗಲು ತವರದ ಲೆಕ್ಕ, ಬಿಡುವಿನಲ್ಲಿ ಮುದುಕರ ಕಥೆ. ಸತ್ತ ಕಾರ್ನಿಷ್ ಭಾಷೆಯ ಚೂರುಗಳನ್ನು ಆರಿಸಿ ಹೆನ್ರಿ ಜೆನ್ನರ್ 1904ರಲ್ಲಿ ಕೈಪಿಡಿ ಬರೆದ. 1928ರಲ್ಲಿ ಬಾಸ್ಕಾವೆನ್-ಊನ್ ಎಂಬ ಕಲ್ಲುವೃತ್ತದಲ್ಲಿ ಕವಿಗಳು ಸಭೆ ಸೇರಿದರು. ಇವತ್ತು ಅಲ್ಲಿ ಮಕ್ಕಳು ಮತ್ತೆ ಆ ಭಾಷೆ ಕಲಿಯುತ್ತಿದ್ದಾರೆ. ಐರ್ಲೆಂಡಿನಲ್ಲಿ 1937ರಿಂದ 1939ರವರೆಗೆ ಸುಮಾರು 5000 ಶಾಲೆಗಳ 50,000 ಮಕ್ಕಳು ನೋಟ್‌ಬುಕ್ ಹಿಡಿದು ಅಜ್ಜ ಅಜ್ಜಿಯರ ಮುಂದೆ ಕೂತರು. ಬಾವಿಯ ಕಥೆ, ಕಲ್ಲಿನ ಕಥೆ, ಬರಗಾಲದ ನೆನಪು, ಮದ್ದಿನ ಸೊಪ್ಪು – ಲಕ್ಷಗಟ್ಟಲೆ ಪುಟ ಬರೆದರು. ನಾನು ಮೇಷ್ಟ್ರಾಗಿದ್ದ 34 ವರ್ಷಗಳಲ್ಲಿ ನನ್ನ ಮಕ್ಕಳಿಂದ ಇದನ್ನು ಮಾಡಿಸಲಿಲ್ಲ. ಅದು ನನ್ನ ಎದೆಯಲ್ಲಿ ಉಳಿದ ಮುಳ್ಳು.

ಐರಿಷ್ ಪುನರುಜ್ಜೀವನದ ಕವಿಯೊಬ್ಬರು ನಮ್ಮ ಪಕ್ಕಕ್ಕೇ ಬಂದಿದ್ದರು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಯೇಟ್ಸ್‌ನ ಕಾಲದ ಡಬ್ಲಿನ್‌ನಲ್ಲಿ ಕವಿಯಾಗಿ ಬೆಳೆದ ಜೇಮ್ಸ್ ಕಸಿನ್ಸ್. ಶ್ರೀನಿವಾಸಪುರ ದಾಟಿದರೆ ಸಿಗುವ ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜಿನಲ್ಲಿ ಕಲಿಸಿದರು. 1919ರಲ್ಲಿ ಠಾಕೂರರು ಅಲ್ಲಿ ತಂಗಿದ್ದಾಗ 'ಜನಗಣಮನ'ಕ್ಕೆ ಸ್ವರಲಿಪಿ ಬರೆದುಕೊಂಡವರು ಅವರ ಹೆಂಡತಿ ಮಾರ್ಗರೆಟ್. 1920ರ ದಶಕದಲ್ಲಿ ಕಸಿನ್ಸ್ ಮೈಸೂರಿಗೆ ಬಂದಾಗ ಹುಡುಗನೊಬ್ಬ ತನ್ನ ಇಂಗ್ಲಿಷ್ ಕವಿತೆ ತೋರಿಸಿದ. ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಎಂದು ಕಸಿನ್ಸ್ ವಿಚಾರಿಸಿದರು, ಮಾತೃಭಾಷೆಯಲ್ಲಿ ಬರೆ ಎಂದರು. ಆ ಹುಡುಗ ಕುವೆಂಪು. ಐರಿಷರು ತಮ್ಮ ನೆಲದ ಮಾತು ಕಳೆದುಕೊಂಡು ಪಟ್ಟ ಸಂಕಟ ಆ ಮಾತಿನ ಹಿಂದೆ ಇತ್ತೆಂದು ನನ್ನ ನಂಬಿಕೆ.

ಕಾರ್ನ್‌ವಾಲ್‌ನ ಕೊನೆಯ ದೊಡ್ಡ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು. ನಮ್ಮದು 2001ರ ಫೆಬ್ರವರಿ 28ರಂದು. ಆವತ್ತು ಮೇಲೆ ಬಂದವರಲ್ಲಿ ಚಿಕ್ಕವರಿಗೂ ಈಗ ತಲೆ ನರೆತಿದೆ. ಬಾರ್ ತಟ್ಟಿ ಬಂಡೆಯ ಸದ್ದು ಗುರುತಿಸಬಲ್ಲವರು, ಇಳಿಯುವ ಮುನ್ನ ಯಾವ ದೇವರನ್ನು ನೆನೆಯುತ್ತಿದ್ದರೆಂದು ಹೇಳಬಲ್ಲವರು, ಕತ್ತಲಲ್ಲಿ ಯಾವ ಮಾತು ಆಡಬಾರದಿತ್ತೆಂದು ಬಲ್ಲವರು ಮಾರಿಕುಪ್ಪಂ, ಕೋರಮಂಡಲ್, ಆಂಡರ್ಸನ್‌ಪೇಟೆಯ ಮನೆ ಜಗಲಿಗಳಲ್ಲಿ ಇನ್ನೂ ಕೂತಿದ್ದಾರೆ. ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ, ಉರ್ದುವಿನಲ್ಲಿ ಮಾತಾಡುತ್ತಾರೆ. ಧೂಳು ತುಂಬಿದ ಎದೆ, ಕೆಮ್ಮು ಬಂದರೆ ಸ್ವಲ್ಪ ಕಾಯಬೇಕು.

ಬರುವ ಭಾನುವಾರ ರಜೆ ಇಟ್ಟುಕೋ. ಬೆಳಗಿನ ಮಾರಿಕುಪ್ಪಂ ರೈಲಿಗೆ ಇಬ್ಬರೂ ಹೋಗೋಣ. ಅಪ್ಪನ ಜೊತೆ ಕೆಲಸ ಮಾಡಿದವರೊಬ್ಬರು ಅಲ್ಲಿದ್ದಾರೆ, ತೊಂಬತ್ತು ದಾಟಿದೆ, ಕಿವಿ ಮಂದ, ನೆನಪು ಚುರುಕು. ಮೊದಲ ಪ್ರಶ್ನೆ ನಾನು ಕೇಳುತ್ತೇನೆ: ಗಣಿಯೊಳಗೆ ಶಿಳ್ಳೆ ಯಾಕೆ ಹಾಕಬಾರದಿತ್ತು? ಉಳಿದದ್ದು ನೀನು ಕೇಳು. ದಪ್ಪ ನೋಟ್‌ಬುಕ್ ಒಂದು ತಾ, ಎರಡು ಪೆನ್ನು ಇರಲಿ.